ಪತ್ರ ರಿಜಿಸ್ಟರ್ ಆದ್ರೆ ಮುಗೀತಾ? ಪಹಣಿಗೆ ಹೆಸರು ಬರೋವರೆಗೂ ಕೆಲಸ ಬಾಕಿ

ತ್ಯಾವಣಿಗೆ: ಭದ್ರಾ ನಾಲೆ ನೀರು, ಅಡಿಕೆ ತೋಟ, ಗದ್ದೆ. ಈ ಭಾಗದಲ್ಲಿ ಒಂದು ಎಕರೆ ಜಮೀನು ಅಂದ್ರೆ ಒಂದು ಮನೆತನದ ಜೀವಮಾನದ ದುಡಿಮೆ. ಅಷ್ಟು ದುಡ್ಡು ಹಾಕಿ ಕೊಂಡ ಜಮೀನಿನ ಕಾಗದ-ಪತ್ರದ ವಿಚಾರಕ್ಕೆ ಬಂದಾಗ ಮಾತ್ರ ಬಹಳಷ್ಟು ಜನ ಅರ್ಧ ದಾರಿಯಲ್ಲೇ ನಿಂತುಬಿಡುತ್ತಾರೆ. ‘ಪತ್ರ ಆಯ್ತಲ್ಲ, ಇನ್ನೇನು’ ಎಂದು ಕ್ರಯಪತ್ರವನ್ನು ಬೀರುವಿನಲ್ಲಿ ಇಟ್ಟು ಬೀಗ ಹಾಕುತ್ತಾರೆ. ಹತ್ತು ವರ್ಷ ಕಳೆದು ಬೆಳೆಸಾಲಕ್ಕೆ ಸೊಸೈಟಿಗೆ ಹೋದಾಗ, ಪಹಣಿಯಲ್ಲಿ ಇನ್ನೂ ಮಾರಿದವರ ಹೆಸರೇ ಇರುವುದು ಗೊತ್ತಾಗುತ್ತದೆ.

ಜಮೀನಿನ ವ್ಯವಹಾರಕ್ಕೆ ಎರಡು ಬೇರೆ ಬೇರೆ ಲೆಕ್ಕದ ಪುಸ್ತಕಗಳಿವೆ. ಒಂದು ಸಬ್ ರಿಜಿಸ್ಟ್ರಾರ್ ಕಚೇರಿಯದು, ಅಂದರೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯದು. ಇನ್ನೊಂದು ತಾಲ್ಲೂಕು ಕಚೇರಿಯದು, ಅಂದರೆ ಕಂದಾಯ ಇಲಾಖೆಯದು. ಮೊದಲನೆಯದರಲ್ಲಿ ‘ಇವರು ಇವರಿಗೆ ಮಾರಿದರು’ ಎಂಬ ಪತ್ರ ದಾಖಲಾಗುತ್ತದೆ. ಎರಡನೆಯದರಲ್ಲಿ ‘ಈಗ ಈ ಜಮೀನು ಇವರ ಹೆಸರಲ್ಲಿದೆ’ ಎಂದು ಬರುತ್ತದೆ. ಎರಡೂ ಕಡೆ ಕೆಲಸ ಪೂರ್ತಿಯಾದಾಗ ಮಾತ್ರ ಕೊಂಡವರು ನೆಮ್ಮದಿಯಿಂದ ಇರಬಹುದು.

ರಿಜಿಸ್ಟರ್ ಮಾಡಿಸಲೇಬೇಕಾ?

ಮಾಡಿಸಲೇಬೇಕು. 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಹಕ್ಕು ಕೈ ಬದಲಾಗುವ ಪತ್ರವನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆಯ 17ನೇ ಕಲಂ. ಇವತ್ತು 100 ರೂಪಾಯಿಗೆ ಒಂದು ಅಡಿ ಜಾಗವೂ ಸಿಗದ ಕಾರಣ ಎಲ್ಲಾ ಕ್ರಯಪತ್ರಗಳೂ ಇದರಡಿ ಬರುತ್ತವೆ. ದಾನಪತ್ರಕ್ಕೂ ನೋಂದಣಿ ಕಡ್ಡಾಯ. ಉಯಿಲಿಗೆ (ವಿಲ್) ಮಾತ್ರ ಕಡ್ಡಾಯವಿಲ್ಲ, ಬೇಕಿದ್ದವರು ಮಾಡಿಸಬಹುದು.

ಊರ ಕಡೆ ಇವತ್ತಿಗೂ ನಡೆಯುವ ಪದ್ಧತಿಯೊಂದಿದೆ. ಛಾಪಾ ಕಾಗದದ ಮೇಲೆ ಕರಾರು ಬರೆಸಿ, ನಾಲ್ಕು ಜನ ಹಿರೀಕರ ಸಹಿ ಹಾಕಿಸಿ, ಪೂರ್ತಿ ದುಡ್ಡು ಕೊಟ್ಟು ಜಮೀನು ಉಳಲು ಶುರು ಮಾಡುವುದು. ‘ಮುಂದೆ ನೋಡಿಕೊಂಡು ರಿಜಿಸ್ಟರ್ ಮಾಡಿಸೋಣ’ ಎಂಬ ಮಾತು ಬೇರೆ. ಆದರೆ ಕರಾರು ಪತ್ರದಿಂದ ಜಮೀನಿನ ಹಕ್ಕು ಬರುವುದಿಲ್ಲ. ಹೆಚ್ಚೆಂದರೆ ‘ಪತ್ರ ಮಾಡಿಕೊಡಿ’ ಎಂದು ಕೇಳುವ ಹಕ್ಕು ಬರುತ್ತದೆ. ಜನರಲ್ ಪವರ್ ಆಫ್ ಅಟಾರ್ನಿ (ಜಿಪಿಎ) ಬರೆಸಿಕೊಂಡು ಜಮೀನು ಕೊಂಡೆವು ಎನ್ನುವವರಿಗೂ ಇದೇ ಮಾತು. 2011ರಲ್ಲಿ ಸುಪ್ರೀಂ ಕೋರ್ಟ್ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ, ಜಿಪಿಎ ಮತ್ತು ಕರಾರಿನ ಮೂಲಕ ಮಾಡುವ ಮಾರಾಟ ಮಾರಾಟವೇ ಅಲ್ಲ, ನೋಂದಾಯಿತ ಕ್ರಯಪತ್ರದಿಂದ ಮಾತ್ರ ಮಾಲೀಕತ್ವ ವರ್ಗವಾಗುತ್ತದೆ ಎಂದು ಸ್ಪಷ್ಟವಾಗಿ ಹೇಳಿದೆ.

ಸಹಿ ಹಾಕುವ ಮುಂಚೆ ನೋಡಬೇಕಾದ್ದು

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಸರ್ಕಾರಿ ಕಚೇರಿಯಲ್ಲೇ ರಿಜಿಸ್ಟರ್ ಆಗಿದೆ ಅಂದ್ಮೇಲೆ ಎಲ್ಲ ಸರಿ ಇರುತ್ತೆ’ ಎಂದು ಜನ ನಂಬುತ್ತಾರೆ. ಉಪನೋಂದಣಾಧಿಕಾರಿ ನೋಡುವುದು ಮುಖ್ಯವಾಗಿ ಪತ್ರ ಬರೆದುಕೊಟ್ಟವರು ಬಂದಿದ್ದಾರಾ, ಬರೆದುಕೊಟ್ಟಿದ್ದನ್ನು ಒಪ್ಪಿದರಾ, ಶುಲ್ಕ ಸರಿಯಾಗಿ ಕಟ್ಟಿದ್ದಾರಾ, ಬೇಕಾದ ದಾಖಲೆ ಇದೆಯಾ ಎಂಬುದನ್ನು. ಮಾರುವವರಿಗೆ ಪೂರ್ತಿ ಹಕ್ಕು ಇದೆಯೋ ಇಲ್ಲವೋ ಎಂದು ಅಳೆದು ತೂಗಿ ತೀರ್ಪು ಕೊಡುವ ಕೆಲಸ ಅವರದಲ್ಲ. ಅದನ್ನು ಕೊಳ್ಳುವವರೇ ನೋಡಿಕೊಳ್ಳಬೇಕು.

ಮೊದಲು ಪಹಣಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಅವರಿಗೆ ಹೇಗೆ ಬಂತು ಎಂಬ ವಿವರ, 11ರಲ್ಲಿ ಇತರೆ ಹಕ್ಕು ಮತ್ತು ಋಣ ಇರುತ್ತವೆ. ಎಲ್ಲರೂ 9ನ್ನು ನೋಡುತ್ತಾರೆ, 11ನ್ನು ಬಿಟ್ಟುಬಿಡುತ್ತಾರೆ. ಬ್ಯಾಂಕ್ ಅಥವಾ ಸೊಸೈಟಿ ಸಾಲ, ಕೋರ್ಟ್ ತಡೆಯಾಜ್ಞೆ, ಸರ್ಕಾರದ ನಿರ್ಬಂಧ ಇವೆಲ್ಲ ಕಾಣಿಸುವುದು ಅಲ್ಲೇ. ಖರಾಬಿನ ವಿಸ್ತೀರ್ಣವನ್ನೂ ನೋಡಬೇಕು. ಹಳ್ಳ, ದಾರಿಯಂಥ ಸಾರ್ವಜನಿಕ ಉಪಯೋಗದ ಬಿ-ಖರಾಬು ಸರ್ಕಾರದ್ದು. ಅದನ್ನೂ ಸೇರಿಸಿ ದುಡ್ಡು ಕೊಟ್ಟರೆ ಆ ಭಾಗದ ದುಡ್ಡು ಹೋದಂತೆಯೇ.

ಎರಡನೆಯದು ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ. ಯಾವ ಯಾವ ವರ್ಷ ಆ ಜಮೀನಿನ ಮೇಲೆ ಏನೇನು ಪತ್ರ ರಿಜಿಸ್ಟರ್ ಆಗಿದೆ ಎಂಬ ಪಟ್ಟಿ ಅದು. 2004ರಿಂದ ಈಚಿನದು ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಕಚೇರಿಯ ಹಳೇ ಪುಸ್ತಕಗಳನ್ನು ಹುಡುಕಿಸಬೇಕು. ರಿಜಿಸ್ಟರ್ ಆಗದ ಕರಾರು, ಬಾಯಿಮಾತಿನ ಪಾಲು ಇ.ಸಿ.ಯಲ್ಲಿ ಕಾಣುವುದಿಲ್ಲ ಎಂಬುದು ನೆನಪಿರಲಿ. ಹಾಗಾಗಿ ಸಾಗುವಳಿ ಯಾರದು ಎಂದು ಜಮೀನಿನ ಹತ್ತಿರವೇ ಹೋಗಿ, ಅಕ್ಕಪಕ್ಕದ ಚಕ್ಕುಬಂದಿದಾರರನ್ನು ಕೇಳಿ ತಿಳಿಯುವುದು ಯಾವ ಕಾಗದಕ್ಕೂ ಕಡಿಮೆಯಲ್ಲ.

ಹಳೇ ಪತ್ರ ಓದುವವರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು 1997ರ ಆಗಸ್ಟ್‌ನಲ್ಲಿ ದಾವಣಗೆರೆ ಜಿಲ್ಲೆ ಆಗುವವರೆಗೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ಆದ್ದರಿಂದ ಅಪ್ಪ-ಅಜ್ಜನ ಕಾಲದ ಪತ್ರದಲ್ಲಿ ‘ಶಿವಮೊಗ್ಗ ಜಿಲ್ಲೆ, ಚನ್ನಗಿರಿ ತಾಲ್ಲೂಕು’ ಎಂದಿದ್ದರೆ ಗಾಬರಿ ಬೇಡ. ನ್ಯಾಮತಿ ಹೋಬಳಿಯ ಹಳೇ ಪತ್ರಗಳಲ್ಲಿ ಹೊನ್ನಾಳಿ ತಾಲ್ಲೂಕು ಎಂದಿರುವುದೂ ಹೀಗೆಯೇ. ಸರ್ವೆ ನಂಬರ್, ವಿಸ್ತೀರ್ಣ, ಚಕ್ಕುಬಂದಿ ತಾಳೆಯಾಗುತ್ತವೆಯೇ ಎಂಬುದು ಮುಖ್ಯ.

ಹೆಣ್ಣುಮಕ್ಕಳ ಸಹಿ, ದರಖಾಸ್ತು ಜಮೀನು: ಇಲ್ಲೇ ಎಡವುವುದು

ಪಿತ್ರಾರ್ಜಿತ ಜಮೀನು ಮಾರುವಾಗ ‘ಅಕ್ಕ-ತಂಗೀರಿಗೆ ಮದುವೆ ಮಾಡಿ ಕಳಿಸಿದೀವಿ, ಅವರ ಸಹಿ ಯಾಕೆ’ ಎನ್ನುವ ಮಾತು ಈಗ ನಡೆಯುವುದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಆ ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂಬ ಷರತ್ತೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಹೆಣ್ಣುಮಕ್ಕಳು ಪತ್ರಕ್ಕೆ ಸೇರದಿದ್ದರೆ, ಮುಂದೆ ಅವರು ಪಾಲಿಗೆ ದಾವೆ ಹಾಕಿದಾಗ ಕೋರ್ಟ್ ಮೆಟ್ಟಿಲು ಹತ್ತಬೇಕಾದವರಲ್ಲಿ ಕೊಂಡವರೂ ಸೇರುತ್ತಾರೆ. ಅವರು ತಮ್ಮ ಪಾಲು ಬೇಡ ಎನ್ನುವುದಾದರೆ ಅದಕ್ಕೂ ಹಕ್ಕು ಬಿಡುಗಡೆ ಪತ್ರವನ್ನು ರಿಜಿಸ್ಟರ್ ಮಾಡಿಸಬೇಕು. ಬಾಯಿಮಾತು, ಅರಿಶಿನ-ಕುಂಕುಮದ ಲೆಕ್ಕ ಇಲ್ಲಿಗೆ ಸಾಲದು.

ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಇನ್ನೂ ಹುಷಾರಾಗಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರುವುದು, ಕೊಳ್ಳುವುದು ಎರಡಕ್ಕೂ 1978ರ ಪಿಟಿಸಿಎಲ್ ಕಾಯ್ದೆ ಅಡ್ಡ ನಿಲ್ಲುತ್ತದೆ. ಅಂಥ ಪತ್ರ ರಿಜಿಸ್ಟರ್ ಆಗಿದ್ದರೂ ರದ್ದಾಗಿ ಜಮೀನು ಮೂಲ ಮಂಜೂರುದಾರರ ಕುಟುಂಬಕ್ಕೆ ವಾಪಸ್ ಹೋಗಬಹುದು. ‘ಬಹಳ ವರ್ಷ ಆಯ್ತು, ಈಗೇನು ಕೇಳ್ತಾರೆ’ ಎಂಬ ಧೈರ್ಯವೂ ಬೇಡ, 2023ರ ತಿದ್ದುಪಡಿ ಕಾಲಮಿತಿಯ ಅಡ್ಡಿಯನ್ನೇ ತೆಗೆದುಹಾಕಿದೆ. ಮಂಜೂರಾತಿ ಆದೇಶದ ನಕಲು ತರಿಸಿ, ಎಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತಿದೆ ಎಂದು ಓದಿಯೇ ಮುಂದುವರಿಯಬೇಕು.

ಅಜ್ಜನ ಹೆಸರಲ್ಲೇ ಪಹಣಿ ಇದ್ದರೆ

ತೀರಿಕೊಂಡವರ ಹೆಸರಲ್ಲೇ ಇರುವ ಪಹಣಿ ಹಳ್ಳಿಗಳಲ್ಲಿ ಸಾಮಾನ್ಯ. ಈಗ ಕಾವೇರಿ ಮತ್ತು ಭೂಮಿ ತಂತ್ರಾಂಶಗಳು ಒಂದಕ್ಕೊಂದು ಜೋಡಣೆಯಾಗಿರುವುದರಿಂದ ಮಾರುವವರ ವಿವರ ನೇರವಾಗಿ ಪಹಣಿಯಿಂದಲೇ ಬರುತ್ತದೆ. ಹಾಗಾಗಿ ಮೊದಲು ಪೌತಿ ಖಾತೆ ಆಗಬೇಕು. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಹಿಡಿದು ನಾಡಕಚೇರಿಗೆ ಅರ್ಜಿ ಕೊಟ್ಟರೆ ವಾರಸುದಾರರ ಹೆಸರು ಜಂಟಿಯಾಗಿ ಪಹಣಿಗೆ ಬರುತ್ತದೆ. ಅಣ್ಣ-ತಮ್ಮಂದಿರು ಬೇರೆ ಬೇರೆ ಮಾಡಿಕೊಳ್ಳುವುದಾದರೆ ನಂತರ ವಿಭಾಗ ಪತ್ರ ಮಾಡಿಸಿಕೊಳ್ಳಬೇಕು.

ಸರ್ವೆ ನಂಬರ್‌ನಲ್ಲಿ ಒಂದು ಭಾಗ ಮಾತ್ರ ಮಾರುವುದಿದ್ದರೆ ಅಥವಾ ಪಾಲಾಗುವುದಿದ್ದರೆ 11-ಇ ನಕ್ಷೆ ಬೇಕು. ಯಾವ ಕಡೆಯಿಂದ ಎಷ್ಟು ಎಕರೆ, ಎಷ್ಟು ಗುಂಟೆ ಎಂದು ಸರ್ವೆಯವರು ಅಳೆದು ಗುರುತು ಮಾಡಿಕೊಡುವ ಚಿತ್ರ ಇದು. ‘ಮೂಡಲ ಕಡೆ ಎರಡು ಎಕರೆ’ ಎಂದು ಬರೀ ಬಾಯಲ್ಲಿ ಹೇಳಿ ಪತ್ರ ಮಾಡುವ ಕಾಲ ಹೋಯಿತು. ಅಳತೆಗೆ ಅರ್ಜಿ ಹಾಕಿ ಸರದಿ ಬರುವವರೆಗೆ ಕಾಯಬೇಕಾಗುವುದರಿಂದ ಮುಂಗಡ ಕೊಡುವಾಗಲೇ ಈ ದಿನಗಳನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಗ್ರಾಮ ಪಂಚಾಯಿತಿ ವ್ಯಾಪ್ತಿಯ ಮನೆ, ನಿವೇಶನಕ್ಕೆ ಪಹಣಿ ಇರುವುದಿಲ್ಲ. ಅದಕ್ಕೆ ಇ-ಸ್ವತ್ತು ತಂತ್ರಾಂಶದಿಂದ ಪಂಚಾಯಿತಿ ಕೊಡುವ ನಮೂನೆ 9 ಮತ್ತು 11 ಬೇಕು. 2024ರ ಅಕ್ಟೋಬರ್‌ನಿಂದ ರಾಜ್ಯದಲ್ಲಿ ಇ-ಖಾತೆ ಇಲ್ಲದ ಇಂಥ ಆಸ್ತಿಗಳ ನೋಂದಣಿಯೇ ಆಗುತ್ತಿಲ್ಲ. ಕೈಬರಹದ ಹಳೇ ಖಾತಾ ನಕಲು ಹಿಡಿದು ಹೋದರೆ ವಾಪಸ್ ಬರಬೇಕಾಗುತ್ತದೆ.

ಖರ್ಚು ಎಷ್ಟು?

ಕ್ರಯಪತ್ರದ ಮುದ್ರಾಂಕ ಶುಲ್ಕ ಶೇ 5. ಅದರ ಮೇಲೆ, ಅಂದರೆ ಶುಲ್ಕದ ಮೊತ್ತದ ಮೇಲೆ, ಶೇ 10 ಸೆಸ್ ಮತ್ತು ಗ್ರಾಮೀಣ ಭಾಗದಲ್ಲಿ ಶೇ 3 (ಪಟ್ಟಣದಲ್ಲಿ ಶೇ 2) ಸರ್‌ಚಾರ್ಜ್. ನೋಂದಣಿ ಶುಲ್ಕ ಮೊದಲು ಶೇ 1 ಇತ್ತು, 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಎಲ್ಲಾ ಸೇರಿ ಹಳ್ಳಿಯ ಆಸ್ತಿಗೆ ಶೇ 7.65.

ಈ ಲೆಕ್ಕ ಹಾಕುವುದು ಮಾತಾಡಿದ ರೇಟಿನ ಮೇಲೋ, ಸರ್ಕಾರದ ಮಾರ್ಗಸೂಚಿ ದರದ ಮೇಲೋ? ಎರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ. ಖುಷ್ಕಿ, ತರಿ, ಬಾಗಾಯ್ತು ಎಂದು ಜಮೀನಿನ ತರದ ಪ್ರಕಾರ ಮಾರ್ಗಸೂಚಿ ದರ ಬೇರೆ ಬೇರೆ ಇರುತ್ತದೆ. ಒಂದು ಲೆಕ್ಕ ನೋಡಿ. ಮಾತಾದ ರೇಟು 10 ಲಕ್ಷ, ಮಾರ್ಗಸೂಚಿ ಪ್ರಕಾರ 12 ಲಕ್ಷ ಎಂದುಕೊಂಡರೆ ಶುಲ್ಕ ಹೀಗೆ ಬರುತ್ತದೆ:

- ಮುದ್ರಾಂಕ ಶುಲ್ಕ: 60,000 ರೂ.
- ಸೆಸ್: 6,000 ರೂ.
- ಸರ್‌ಚಾರ್ಜ್: 1,800 ರೂ.
- ನೋಂದಣಿ ಶುಲ್ಕ: 24,000 ರೂ.
- ಒಟ್ಟು: 91,800 ರೂ.

‘20 ಲಕ್ಷದ ಒಳಗಿದ್ರೆ ಶೇ 2 ಅಷ್ಟೇ ಅಂತೆ’ ಎಂಬ ಮಾತು ಮೊಬೈಲ್‌ನಲ್ಲಿ ಓಡಾಡುತ್ತಿರುತ್ತದೆ. ಆ ರಿಯಾಯಿತಿ ಹೊಸ ಅಪಾರ್ಟ್‌ಮೆಂಟ್ ಫ್ಲ್ಯಾಟ್‌ಗಳ ಮೊದಲ ಮಾರಾಟಕ್ಕೆ, ಜಮೀನಿಗೆ ಅಲ್ಲ. ಕುಟುಂಬದೊಳಗಿನ ದಾನಪತ್ರ, ವಿಭಾಗ ಪತ್ರಕ್ಕೆ ಮಾತ್ರ ಶುಲ್ಕದ ಲೆಕ್ಕವೇ ಬೇರೆ, ಕ್ರಯಪತ್ರಕ್ಕಿಂತ ಬಹಳ ಕಡಿಮೆ. ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಮೊತ್ತ ತೋರಿಸುವವರು ಒಂದು ಯೋಚಿಸಬೇಕು. ನಾಳೆ ವ್ಯವಹಾರ ಮುರಿದು ದುಡ್ಡು ವಾಪಸ್ ಕೇಳಬೇಕಾಗಿ ಬಂದರೆ ಕೈಯಲ್ಲಿರುವ ಪುರಾವೆ ಪತ್ರದಲ್ಲಿ ಬರೆದಷ್ಟಕ್ಕೇ.

ಕಚೇರಿಯಲ್ಲಿ ಏನಾಗುತ್ತದೆ

2023ರಿಂದ ಕಾವೇರಿ 2.0 ಬಂದ ಮೇಲೆ ಹೆಚ್ಚಿನ ಕೆಲಸ ಕಚೇರಿಗೆ ಹೋಗುವ ಮುಂಚೆಯೇ ಮುಗಿಯುತ್ತದೆ. ಪತ್ರ ಬರಹಗಾರರು ಅಥವಾ ವಕೀಲರು ಕರಡು ತಯಾರಿಸಿ ಆನ್‌ಲೈನ್‌ನಲ್ಲಿ ಹಾಕುತ್ತಾರೆ. ತಾವೇ ಲಾಗಿನ್ ಆಗಿ ಹಾಕುವುದಕ್ಕೂ ಅವಕಾಶ ಇದೆ. ಉಪನೋಂದಣಾಧಿಕಾರಿ ಅದನ್ನು ಪರಿಶೀಲಿಸಿ, ತಿದ್ದುಪಡಿ ಇದ್ದರೆ ವಾಪಸ್ ಕಳಿಸುತ್ತಾರೆ, ಸರಿ ಇದ್ದರೆ ಒಪ್ಪಿಗೆ ಕೊಡುತ್ತಾರೆ. ಆಮೇಲೆ ಶುಲ್ಕ ಕಟ್ಟಿ, ದಿನ ಮತ್ತು ಸಮಯ ಕಾದಿರಿಸಿ, ಎರಡೂ ಕಡೆಯವರು ಸಾಕ್ಷಿಗಳ ಸಮೇತ ಹೋಗಬೇಕು. ಅಲ್ಲಿ ಫೋಟೊ, ಹೆಬ್ಬೆಟ್ಟು, ಸಹಿ ಆಗುತ್ತದೆ.

ಕರಡು ಕೈಗೆ ಬಂದಾಗ ಪೂರ್ತಿ ಓದಬೇಕು, ಓದಲು ಬಾರದಿದ್ದರೆ ನಂಬಿಕಸ್ಥರಿಂದ ಓದಿಸಿ ಕೇಳಬೇಕು. ಸರ್ವೆ ನಂಬರ್, ಹಿಸ್ಸಾ, ಎಕರೆ-ಗುಂಟೆ, ನಾಲ್ಕೂ ಕಡೆಯ ಚಕ್ಕುಬಂದಿ, ಬೋರ್‌ವೆಲ್, ದಾರಿ, ಮರ-ಮಾಲ್ಕಿ ಎಲ್ಲವೂ ಇರಬೇಕು. ಒಂದು ಅಂಕಿ ತಪ್ಪಿದರೂ ಮುಂದೆ ತಿದ್ದುಪಡಿ ಪತ್ರಕ್ಕೆ ಮತ್ತೆ ಮಾರಿದವರನ್ನೇ ಹುಡುಕಿಕೊಂಡು ಹೋಗಬೇಕು. ಪಹಣಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ಮೊದಲೇ ಸರಿಮಾಡಿಸಿಕೊಳ್ಳಬೇಕು.

ತ್ಯಾವಣಿಗೆ, ಸಂತೇಬೆನ್ನೂರು, ಬಸವಾಪಟ್ಟಣ ಕಡೆಯವರು ಚನ್ನಗಿರಿಗೇ ಹೋಗಬೇಕೆಂದಿಲ್ಲ. 2024ರ ಸೆಪ್ಟೆಂಬರ್‌ನಿಂದ ರಾಜ್ಯದಾದ್ಯಂತ ‘ಎನಿವೇರ್ ರಿಜಿಸ್ಟ್ರೇಷನ್’ ಬಂದಿದ್ದು, ಜಿಲ್ಲೆಯೊಳಗಿನ ಯಾವ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಾದರೂ ಪತ್ರ ಮಾಡಿಸಬಹುದು. ದಾವಣಗೆರೆಯಲ್ಲಿ ಬೇಗ ಸಮಯ ಸಿಕ್ಕರೆ ಅಲ್ಲಿಯೂ ಆಗುತ್ತದೆ.

ಪತ್ರಕ್ಕೆ ಸಹಿ ಆದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತಪ್ಪಿಸಲಾಗದ ಕಾರಣಕ್ಕೆ ತಡವಾದರೆ ದಂಡ ಕಟ್ಟಿ ಮತ್ತೆ ನಾಲ್ಕು ತಿಂಗಳು ಅವಕಾಶ ಕೇಳಬಹುದು. ಅದೂ ದಾಟಿದರೆ ಹೊಸ ಪತ್ರವೇ ಗತಿ. ಹಾಸಿಗೆ ಹಿಡಿದ ವಯಸ್ಸಾದವರು ಬರಲಾಗದಿದ್ದರೆ, ವಿಶೇಷ ಕಾರಣ ತೋರಿಸಿ ಅಧಿಕಾರಿಯೇ ಮನೆಗೆ ಬರುವಂತೆ ಕೋರಲು ಕಾಯ್ದೆಯಲ್ಲಿ ಅವಕಾಶವಿದೆ.

ಅಸಲು ಕೆಲಸ ಶುರುವಾಗುವುದು ಆಮೇಲೆ

ಪತ್ರ ರಿಜಿಸ್ಟರ್ ಆದ ಕೂಡಲೇ ಅದರ ಮಾಹಿತಿ (ಇದಕ್ಕೆ ಜೆ-ಸ್ಲಿಪ್ ಎನ್ನುತ್ತಾರೆ) ಕಂದಾಯ ಇಲಾಖೆಯ ಭೂಮಿ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿ ಖಾತೆ ಬದಲಾವಣೆಗೆ, ಅಂದರೆ ಮ್ಯುಟೇಷನ್‌ಗೆ ನಂಬರ್ ಬೀಳುತ್ತದೆ. ಆಕ್ಷೇಪಣೆ ಇದ್ದರೆ ಹೇಳಿ ಎಂದು ನೋಟಿಸ್ ಹೊರಡುತ್ತದೆ. ಈ ಆಕ್ಷೇಪಣೆಯ ಅವಧಿಯನ್ನು 2023ರಲ್ಲಿ 7 ದಿನಕ್ಕೆ ಇಳಿಸಲಾಗಿದೆ. ಯಾರೂ ತಕರಾರು ಮಾಡದಿದ್ದರೆ ಎಂ.ಆರ್. ಮಂಜೂರಾಗಿ ಹೊಸ ಪಹಣಿಯಲ್ಲಿ ಕೊಂಡವರ ಹೆಸರು ಬರುತ್ತದೆ. ತಕರಾರು ಬಂದರೆ ಅದು ವಿವಾದಿತ ಪ್ರಕರಣವಾಗಿ ವಿಚಾರಣೆಗೆ ಹೋಗುತ್ತದೆ. ಅಲ್ಲಿಯ ಆದೇಶ ಒಪ್ಪಿಗೆಯಾಗದಿದ್ದರೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು.

ಕೇಳಲು ಇದೆಲ್ಲ ತಾನಾಗಿಯೇ ಆಗುವಂತಿದೆ, ಬಹಳಷ್ಟು ಸಲ ಆಗುತ್ತದೆ ಕೂಡ. ಆದರೆ ‘ಆಗಿರುತ್ತೆ ಬಿಡು’ ಎಂದು ಸುಮ್ಮನೆ ಕೂತವರೇ ತೊಂದರೆಗೆ ಸಿಕ್ಕುವುದು. ಅದರಲ್ಲೂ ಕಂಪ್ಯೂಟರ್ ಬರುವ ಮುಂಚಿನ ಪತ್ರಗಳ ಮಾಹಿತಿ ಕಾಗದದ ಮೇಲೆ ಒಂದು ಕಚೇರಿಯಿಂದ ಇನ್ನೊಂದು ಕಚೇರಿಗೆ ಹೋಗಬೇಕಿತ್ತು. ಹೋಗದೆ ಉಳಿದಿದ್ದರೆ ಪಹಣಿ ಹಳೇ ಹೆಸರಲ್ಲೇ ಮುಂದುವರಿದಿರುತ್ತದೆ.

ಹೀಗಾದರೆ ಏನಾಗಬಹುದು? ಒಬ್ಬರು ಎರಡು ಎಕರೆ ಕೊಂಡು ಪತ್ರ ಮಾಡಿಸಿದರು, ಪಹಣಿ ಕಡೆ ನೋಡಲಿಲ್ಲ ಎಂದುಕೊಳ್ಳೋಣ. ಇಪ್ಪತ್ತು ವರ್ಷದ ಮೇಲೆ ಮಾರಿದವರು ತೀರಿಕೊಂಡರು. ವಿಷಯವೇ ಗೊತ್ತಿಲ್ಲದ, ಅಥವಾ ಗೊತ್ತಿದ್ದೂ ಸುಮ್ಮನಿದ್ದ ಅವರ ಮಕ್ಕಳು ಪೌತಿ ಖಾತೆ ಮಾಡಿಸಿಕೊಂಡು, ಅದೇ ಜಮೀನನ್ನು ಇನ್ನೊಬ್ಬರಿಗೆ ಮಾರಿದರು. ಕಾನೂನಿನ ಲೆಕ್ಕದಲ್ಲಿ ಮೊದಲು ಪತ್ರ ಮಾಡಿಸಿಕೊಂಡವರ ಹಕ್ಕೇ ಮೊದಲು. ಒಮ್ಮೆ ಮಾರಿದ ಮೇಲೆ ಆ ಮಕ್ಕಳ ಕೈಯಲ್ಲಿ ಮಾರಲು ಏನೂ ಉಳಿದಿರುವುದಿಲ್ಲ. ಆದರೆ ಅದನ್ನು ಸಾಬೀತು ಮಾಡಲು ಸಿವಿಲ್ ಕೋರ್ಟಿಗೆ ಅಲೆಯಬೇಕು, ವಕೀಲರಿಗೆ ಫೀಸು ಕೊಡಬೇಕು, ವರ್ಷಗಟ್ಟಲೆ ಕಾಯಬೇಕು. ಗೆಲ್ಲುವ ಕೇಸನ್ನೂ ಅರ್ಧ ಜೀವಮಾನ ನಡೆಸಬೇಕಾಗಿ ಬರುವುದು ಹೀಗೆ.

ಜಗಳ ಇಲ್ಲದಿದ್ದರೂ ನಷ್ಟ ತಪ್ಪದು. ಬೆಳೆಸಾಲ, ಬೆಳೆ ವಿಮೆ, ರೈತರ ಫ್ರೂಟ್ಸ್ ಐಡಿ, ಬೆಂಬಲ ಬೆಲೆಯಲ್ಲಿ ಭತ್ತ ಮಾರಾಟ, ಬೆಳೆ ಹಾನಿ ಪರಿಹಾರ ಎಲ್ಲದಕ್ಕೂ ಕೇಳುವುದು ಪಹಣಿಯನ್ನೇ. ಹೆಸರು ಇಲ್ಲದಿದ್ದರೆ ಹೊಲ ಉತ್ತವರು ಒಬ್ಬರು, ಪರಿಹಾರ ಪಡೆದವರು ಇನ್ನೊಬ್ಬರು ಎಂದಾಗುತ್ತದೆ.

ಪಹಣಿ ಇದ್ದರೆ ಸಾಕಾ?

ಅದೂ ಸಾಲದು. ಪಹಣಿಯಲ್ಲಿರುವುದನ್ನು ಸುಳ್ಳೆಂದು ಸಾಬೀತಾಗುವವರೆಗೆ ನಿಜವೆಂದು ಭಾವಿಸಬೇಕು ಎನ್ನುತ್ತದೆ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಕಲಂ. ಆದರೆ ಪಹಣಿ ಮಾಲೀಕತ್ವವನ್ನು ಹುಟ್ಟಿಸುವುದಿಲ್ಲ. ಮ್ಯುಟೇಷನ್ ಕಂದಾಯ ವಸೂಲಿಯ ಅನುಕೂಲಕ್ಕೆ ಇರುವ ದಾಖಲೆ ಎಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಜಮೀನು ಹೇಗೆ ಬಂತು ಎಂಬುದಕ್ಕೆ ಪತ್ರ ಬೇಕು, ಈಗ ಯಾರ ಹೆಸರಲ್ಲಿದೆ ಎಂಬುದಕ್ಕೆ ಪಹಣಿ ಬೇಕು.

ಹಳೇ ಪತ್ರ ಇದೆ, ಪಹಣಿಯಲ್ಲಿ ಹೆಸರಿಲ್ಲ: ಏನು ಮಾಡಬೇಕು?

ಮೊದಲು ಪತ್ರದ ದೃಢೀಕೃತ ನಕಲು ತೆಗೆಸಬೇಕು. ಅಸಲು ಪತ್ರ ಕಳೆದುಹೋಗಿದ್ದರೂ ಹೆದರಬೇಕಿಲ್ಲ. ಸ್ಥಿರಾಸ್ತಿ ಪತ್ರಗಳ ನಕಲು ನೋಂದಣಿ ಕಚೇರಿಯ ಒಂದನೇ ಪುಸ್ತಕದಲ್ಲಿ ಉಳಿದಿರುತ್ತದೆ, ಶುಲ್ಕ ಕಟ್ಟಿದ ಯಾರಿಗಾದರೂ ಅದರ ನಕಲು ಸಿಗುತ್ತದೆ. ಅದರ ಜತೆಗೆ ಪತ್ರ ಆದ ವರ್ಷದಿಂದ ಇವತ್ತಿನವರೆಗಿನ ಇ.ಸಿ. ಮತ್ತು ಪಹಣಿ ಸೇರಿಸಿ ಖಾತೆ ಬದಲಾವಣೆಗೆ ನಾಡಕಚೇರಿ ಅಥವಾ ತಾಲ್ಲೂಕು ಕಚೇರಿಗೆ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಈ ನಡುವೆ ಬೇರೆಯವರ ಹೆಸರಿಗೆ ಪತ್ರ ಆಗಿರುವುದು ಇ.ಸಿ.ಯಲ್ಲಿ ಕಂಡರೆ ತಡಮಾಡದೆ ವಕೀಲರನ್ನು ಕಾಣಬೇಕು.

ಮರೆಯದೆ ಮಾಡಬೇಕಾದ್ದು

- ಮುಂಗಡ ಕೊಡುವ ಮುಂಚೆ ಪಹಣಿ (11ನೇ ಕಾಲಂ ಸಮೇತ), ಹಿಂದಿನ ಎಂ.ಆರ್.ಗಳು ಮತ್ತು ಇ.ಸಿ. ನೋಡಿ.
- ಪಿತ್ರಾರ್ಜಿತವಾದರೆ ವಂಶವೃಕ್ಷದಲ್ಲಿರುವ ಎಲ್ಲರೂ, ಹೆಣ್ಣುಮಕ್ಕಳು ಸೇರಿ, ಪತ್ರಕ್ಕೆ ಬರುತ್ತಾರಾ ಕೇಳಿ.
- ಮಂಜೂರು ಜಮೀನಾದರೆ ಮಂಜೂರಾತಿ ಆದೇಶ ಓದದೆ ಮುಂದೆ ಹೋಗಬೇಡಿ.
- ದುಡ್ಡನ್ನು ಬ್ಯಾಂಕ್ ಮೂಲಕ ಕೊಡಿ, ಅದರ ವಿವರ ಪತ್ರದಲ್ಲಿ ಬರೆಸಿ.
- ಪತ್ರ ಆದ ದಿನವೇ ಮ್ಯುಟೇಷನ್ ಸ್ಥಿತಿ ನೋಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಎರಡು ವಾರವಾದರೂ ಆಗದಿದ್ದರೆ ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ.
- ಹೊಸ ಪಹಣಿ ಬಂದ ಮೇಲೆ ಹೆಸರು, ತಂದೆ ಅಥವಾ ಗಂಡನ ಹೆಸರು, ವಿಸ್ತೀರ್ಣ ಸರಿ ಇದೆಯಾ ಓದಿ. ಒಂದು ಪ್ರತಿಯನ್ನು ಕ್ರಯಪತ್ರದ ಜತೆಗೇ ಇಡಿ. ಬೀರುವಿಗೆ ಬೀಗ ಹಾಕುವುದು ಆಮೇಲೆ.